ಇಂದಿನ ಚಿಂತನೆ: ಪರದೆಯ ಹಿಂದಿನ ದಾಳ



ಇವತ್ತಿನ ಮಾತು ಒಂದು ಆಟದ ಬಗ್ಗೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ, ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಸಂಜೆ ಅವನ ಗೆಳೆಯರು ಬಂದು ಊಟದ ಮೇಜಿನ ಸುತ್ತ ಕೂತರು. "ಒಬ್ರು ಕಮ್ಮಿ ಇದಾರೆ, ಬನ್ನಿ ಮಾವ" ಎಂದು ನನ್ನನ್ನೂ ಎಳೆದುಕೊಂಡರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಚೌಕಾಬಾರದ ಹಾಗೆ ಮನೆ, ಕಾಯಿ ನಡೆಸುವುದಲ್ಲ. ಎಲ್ಲರೂ ಸೇರಿ ಬಾಯಲ್ಲೇ ಒಂದು ಕಥೆ ಕಟ್ಟುವುದು. ಪ್ರತಿಯೊಬ್ಬರಿಗೂ ಒಂದು ಪಾತ್ರ, ಅದು ಏನು ಮಾಡುತ್ತದೆಂದು ಅವರೇ ಹೇಳಬೇಕು. ಉಳಿದ ಲೋಕವೆಲ್ಲ, ಅಂದರೆ ಗುಹೆ, ಕಳ್ಳರು, ಮಳೆ, ರಾಜ, ಗೇಮ್ ಮಾಸ್ಟರ್ ಎಂಬ ಒಬ್ಬರ ಕೈಯಲ್ಲಿ. ಏನಾಗುತ್ತದೋ ಗೊತ್ತಿಲ್ಲದ ಕಡೆ ದಾಳ ಹಾಕುತ್ತಾರೆ. ಮಾಸ್ಟರ್ ಮುಂದೆ ರಟ್ಟಿನದೊಂದು ಪರದೆ ಇತ್ತು, ಅವನ ದಾಳ ಅದರ ಹಿಂದೆ ಬೀಳುತ್ತಿತ್ತು.

ಅವತ್ತು ಮಾಸ್ಟರ್ ನಮ್ಮ ಹುಡುಗನೇ. ನನ್ನದು ಒಬ್ಬ ಅಂಬಿಗನ ಪಾತ್ರ. ಸೇತುವೆಯ ಮೇಲೆ ರಾಕ್ಷಸ ಅಡ್ಡಗಟ್ಟಿದಾಗ "ನಾನು ಇಲ್ಲೇ ನಿಲ್ತೀನಿ, ನೀವು ದಾಟಿಕೊಳ್ಳಿ" ಎಂದೆ. ಪರದೆಯ ಹಿಂದೆ ದಾಳ ಉರುಳಿತು. ಹುಡುಗ ಒಂದು ಗಳಿಗೆ ನೋಡಿ, "ಏಟು ತಪ್ಪಿತು, ಉಳ್ಕೊಂಡ್ರಿ ಮಾವ" ಎಂದ. ಚಪ್ಪಾಳೆ ಬಿತ್ತು. ಊಟವಾದ ಮೇಲೆ ಕೇಳಿದರೆ ನಕ್ಕ: "ದಾಳದ ಪ್ರಕಾರ ಸತ್ತೇ ಹೋಗಿದ್ರಿ. ಮೊದಲನೇ ಸಲ ಆಡ್ತಿದೀರಲ್ಲ ಅಂತ ಬಿಟ್ಟೆ."

ಪ್ರೀತಿಯಿಂದ ಮಾಡಿದ್ದೇ. ಆದರೂ ಏನೋ ಕಳೆದುಕೊಂಡ ಹಾಗಾಯಿತು. ಪ್ರಾಣ ಪಣಕ್ಕಿಟ್ಟು ನಿಂತವನು ನಾನು. ಆ ಪಣ ನಡೆಯಬೇಕೋ ಬೇಡವೋ ಎಂದು ನನಗೆ ಗೊತ್ತಾಗದಂತೆ ತೀರ್ಮಾನಿಸಿದವನು ಅವನು. ಹಾಗಾದರೆ ನಾನು ಆಡಿದ್ದಾದರೂ ಏನು?

ಈ ಪ್ರಶ್ನೆ ಆಟ ಕಟ್ಟುವವರನ್ನೂ ಕಾಡಿದೆಯಂತೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಮಾಸ್ಟರ್ ಸ್ಥಾನವನ್ನು ಸರದಿಯ ಮೇಲೆ ಹಂಚಿಕೊಳ್ಳಬಹುದು. 2010ರ ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ ಮಾಸ್ಟರ್ ದಾಳ ಹಾಕುವುದೇ ಇಲ್ಲ. 2009ರ ಫಿಯಾಸ್ಕೊದಲ್ಲಂತೂ ಮಾಸ್ಟರೇ ಇಲ್ಲ. ನಿಮ್ಮ ಸರದಿ ಬಂದಾಗ ದೃಶ್ಯ ಎಲ್ಲಿ, ಯಾರ ನಡುವೆ ಎಂದು ನೀವು ಶುರು ಮಾಡಿದರೆ, ಅದು ನಿಮ್ಮ ಪಾತ್ರಕ್ಕೆ ಒಳ್ಳೆಯದಾಗಿ ಮುಗಿಯಬೇಕೋ ಕೆಟ್ಟದಾಗಿಯೋ ಎಂದು ಉಳಿದವರು ಹೇಳುತ್ತಾರೆ. ಮುಕ್ತಾಯ ನಿಮಗೆ ಬೇಕೆಂದರೆ ಆರಂಭ ಅವರದು. ಎರಡೂ ಒಬ್ಬರಿಗೇ ಸಿಗುವುದಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಭಿಕ್ಖು ಸಂಘದ ಸಭಾ ನಿಯಮಗಳನ್ನು ನೆನೆದಿದ್ದರಲ್ಲ: ಯಾರು ಎಲ್ಲಿ ಕೂರಬೇಕು, ನಿರ್ಣಯ ಹೇಗೆ ಮಂಡಿಸಬೇಕು, ಕೋರಂ, ಮತ ಎಣಿಕೆ. ಒಳ್ಳೆಯವರೇ ಕೂತಿದ್ದ ಸಭೆಗೂ ನಿಯಮ ಬೇಕಾಗಿತ್ತು.

ಹಾಗೆಂದು ಮಾಸ್ಟರೇ ಬೇಡ ಎನ್ನಲಾರೆ. ಗುಹೆಯಲ್ಲಿ ಏನಿದೆಯೆಂದು ಬಚ್ಚಿಡಲು ಒಬ್ಬರು ಬೇಕು. ನಾನೇ ಬಚ್ಚಿಟ್ಟು ನಾನೇ ಹುಡುಕಿದರೆ ಏನು ಸೊಗಸು? ಆದರೆ ನನಗಿಂತ ಹೆಚ್ಚು ತಿಳಿದಿರುವುದು ಬೇರೆ, ನನ್ನ ಪಾಲಿನದನ್ನು ನಿರ್ಧರಿಸುವುದು ಬೇರೆ. ಮಾಸ್ಟರ್ ಇಲ್ಲದ ಮೇಜಿನಲ್ಲೂ ಸರದಿಯ ನಿಯಮ ಇಲ್ಲದಿದ್ದರೆ ಜೋರು ಬಾಯಿಯವರೇ ಮಾಸ್ಟರ್ ಆಗಿಬಿಡುತ್ತಾರೆ. ಸ್ಟಾಫ್ ರೂಮಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗನ ಮೇಲೆ ಬೇಸರ ಮಾಡಿಕೊಳ್ಳಲು ಹೋದವನಿಗೆ ನನ್ನದೇ ಒಂದು ಕೆಲಸ ನೆನಪಾಯಿತು. ಹೋದ ವರ್ಷ ವಾರ್ಷಿಕೋತ್ಸವಕ್ಕೆ "ನಾಟಕ ನೀವೇ ಆರಿಸಿ" ಎಂದು ಒಂಬತ್ತನೇ ತರಗತಿಯವರಿಗೆ ಚೀಟಿ ಕೊಟ್ಟಿದ್ದೆ. ಚೀಟಿಗಳನ್ನು ಒಬ್ಬನೇ ಎಣಿಸಿದೆ. ಹೆಚ್ಚು ಮತ ಬಂದದ್ದು ಉದ್ದದ, ಕಷ್ಟದ ನಾಟಕಕ್ಕೆ. ಮಕ್ಕಳು ವೇದಿಕೆಯ ಮೇಲೆ ಮಾತು ಮರೆತು ಅವಮಾನಪಡಬಾರದೆಂದು ಎರಡನೆಯದರ ಹೆಸರು ಓದಿದೆ. ಅವರೂ ಚಪ್ಪಾಳೆ ತಟ್ಟಿದ್ದರು.

ಊರಿಗೆ ಬಂದ ಮೇಲೆ ಹುಡುಗನಿಗೆ ಫೋನ್ ಮಾಡಿ, ಇನ್ನೊಂದು ಸಲ ಬಂದರೆ ನನ್ನ ಮೇಲಿನ ದಾಳವನ್ನು ಮೇಜಿನ ಮೇಲೇ ಹಾಕಪ್ಪ ಎಂದೆ. "ಸತ್ರೆ ಬೇಜಾರ್ ಮಾಡ್ಕೋಬಾರ್ದು ಮಾವ" ಎಂದ. ಈ ವರ್ಷ ಚೀಟಿಗಳನ್ನು ಕರಿಹಲಗೆಯ ಮುಂದೆ ಮಕ್ಕಳೇ ಎಣಿಸಿದರು. ಮತ್ತೆ ಅದೇ ಉದ್ದದ ನಾಟಕ ಬಂದಿದೆ. ಸೋಮವಾರದಿಂದ ತಾಲೀಮು.