ಸ್ವಲ್ಪ ದಾರಿ ಬಿಡಿ

ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ವಿಮಾನ ಬೆಂಗಳೂರಿನಲ್ಲಿ ಅರ್ಧ ಗಂಟೆ ತಡವಾಗಿ ಇಳಿದಿದೆ ಎಂದಿಟ್ಟುಕೊಳ್ಳಿ. ಬಾಗಿಲು ತೆರೆಯುವ ಮೊದಲೇ ಎಲ್ಲರೂ ಎದ್ದು ನಡುದಾರಿಯಲ್ಲಿ ನಿಂತಿದ್ದಾರೆ. ಮುಂದಿನ ವಿಮಾನ ಹಿಡಿಯಬೇಕಾದವರು ಮೊದಲು ಇಳಿಯಲು ಅನುವು ಮಾಡಿಕೊಡಿ ಎಂದು ಮೈಕಿನಲ್ಲಿ ಕೇಳಿಕೊಳ್ಳುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು "ಸಾರ್, ಒಂಚೂರು ಬಿಡ್ತೀರಾ?" ಎನ್ನುತ್ತ ಬರುತ್ತಾರೆ. ಕೆಲವರು ಪಕ್ಕಕ್ಕೆ ಸರಿಯುತ್ತಾರೆ. ಕೆಲವರು ಕೇಳಿಸದವರಂತೆ ತಮ್ಮ ಬ್ಯಾಗು ಇಳಿಸುವುದರಲ್ಲಿ ಮುಳುಗುತ್ತಾರೆ. ಸರಿದವರು ಮಾಡಿದ್ದು ಸೌಜನ್ಯವೋ, ಕರ್ತವ್ಯವೋ?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ವ್ಯತ್ಯಾಸ ಸಣ್ಣದಲ್ಲ. ಸೌಜನ್ಯ ತೋರಿದವರನ್ನು ಮೆಚ್ಚುತ್ತೇವೆ, ತೋರದವರನ್ನು ದೂರುವಂತಿಲ್ಲ. ಕರ್ತವ್ಯ ತಪ್ಪಿದವರನ್ನು ದೂರಬಹುದು.

ಕರ್ತವ್ಯವಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಅಪರಿಚಿತರನ್ನು ಸಮನಾಗಿ ಕಾಣುವ ಕೆಲವೇ ಪದ್ಧತಿಗಳಲ್ಲಿ ಸರದಿ ಒಂದು. ಅದು ಜಾತಿ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಯಾರ ಪರಿಚಯವಿದೆ ಎಂದೂ ಕೇಳುವುದಿಲ್ಲ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ನಿಂತವರಿಗೆ ಸರದಿಯೇ ಇಲ್ಲದ ಕಡೆ ಯಾರು ಮೊದಲು ಹತ್ತುತ್ತಾರೆ ಎಂಬುದು ಗೊತ್ತು: ಮೊಣಕೈಯಲ್ಲಿ ಬಲವಿದ್ದವರು. ಅವಸರವನ್ನೇ ಅರ್ಹತೆ ಎಂದು ಒಪ್ಪಿದರೆ ಎಲ್ಲರೂ ಅವಸರದವರೇ ಆಗುತ್ತಾರೆ. ಜೊತೆಗೆ, ಎರಡು ವಿಮಾನಗಳ ನಡುವೆ ನಾಲ್ಕು ಗಂಟೆ ಬಿಟ್ಟುಕೊಂಡು ಟಿಕೆಟ್ ತೆಗೆದವರ ಎಚ್ಚರಕ್ಕೆ ಬೆಲೆಯೇ ಇಲ್ಲವೆ?

ಇನ್ನೊಂದು ಲೆಕ್ಕವೂ ಇದೆ. ನೂರು ಜನ ಒಂದೊಂದು ನಿಮಿಷ ಕಳೆದುಕೊಂಡರೆ ಒಟ್ಟು ನೂರು ನಿಮಿಷ. ಒಬ್ಬರ ಅನುಕೂಲಕ್ಕೆ ಅಷ್ಟು ತೆರಬೇಕೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ಜಾನ್ ಟೌರೆಕ್ ನೆನಪಾಗುತ್ತಾರೆ. ಸಂಖ್ಯೆಗಳು ಲೆಕ್ಕಕ್ಕೆ ಬರಬೇಕೆ ಎಂದು ಕೇಳುವ ತಮ್ಮ 1977ರ ಪ್ರಬಂಧದಲ್ಲಿ ಅವರು, ಬೇರೆ ಬೇರೆ ಜನರ ನಷ್ಟಗಳನ್ನು ಕೂಡಿಸಿ ಒಂದು ದೊಡ್ಡ ನಷ್ಟ ಮಾಡಲಾಗದು ಎಂದು ವಾದಿಸಿದರು. ಆ ಮೊತ್ತವನ್ನು ಅನುಭವಿಸುವ ಮನುಷ್ಯನೇ ಇರುವುದಿಲ್ಲವಲ್ಲ. ಅವರ ವಾದವನ್ನು ಎಲ್ಲ ಕಡೆಗೂ ಒಯ್ಯಲು ನಾನು ಸಿದ್ಧನಿಲ್ಲ. ಇಲ್ಲಿಗೆ ಮಾತ್ರ ಅದು ಒಪ್ಪುತ್ತದೆ. ನೂರು ನಿಮಿಷ ಕಳೆದುಕೊಂಡವರು ವಿಮಾನದಲ್ಲಿ ಯಾರೂ ಇಲ್ಲ. ಒಂದು ದಿನ ಕಳೆದುಕೊಳ್ಳಬಹುದಾದವರು ಒಬ್ಬರಿದ್ದಾರೆ.

ಉಳಿಯುವುದು "ಮೊದಲೇ ಯೋಚಿಸಬೇಕಿತ್ತು" ಎಂಬ ಮಾತು. ಇದನ್ನು ಹೇಳುವವರು ಪುರುಸೊತ್ತು ಎಲ್ಲರ ಬಳಿಯೂ ಸಮನಾಗಿದೆ ಎಂದುಕೊಂಡಿರುತ್ತಾರೆ. ಹಲಸೂರು, ಇಂದಿರಾನಗರದವರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. 2008ರ ಮೇ ತಿಂಗಳವರೆಗೆ ಅವರಿಗೆ ಎಚ್‌ಎಎಲ್ ವಿಮಾನ ನಿಲ್ದಾಣ ಆಟೋದಲ್ಲಿ ಹೋಗುವಷ್ಟು ಹತ್ತಿರವಿತ್ತು. ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಅದೇ ಜನ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಯಿತು. ಅವರು ಸೋಮಾರಿಗಳಾಗಲಿಲ್ಲ. ಅವರ ದಿನದಿಂದ ಎರಡು ಗಂಟೆ ಹೋಯಿತು, ಅಷ್ಟೆ. ಸಂಶೋಧನಾ ವಿದ್ಯಾರ್ಥಿಯಾದ ನನ್ನ ಬಳಿ ದುಡ್ಡು ಕಡಿಮೆ, ಆದರೆ ಹೊತ್ತು ನನ್ನ ಕೈಯಲ್ಲಿದೆ. ಸಂಜೆಯ ವಿಮಾನಕ್ಕೆ ಮಧ್ಯಾಹ್ನವೇ ಹೋಗಿ ಕುಳಿತು ಓದಬಲ್ಲೆ. ಪಾಳಿ ಮುಗಿಯದೆ ಹೊರಡಲಾಗದವರಿಗೆ ಆ ಆಯ್ಕೆ ಇಲ್ಲ.

ಟಿಕೆಟ್ಟಿನ ಕಥೆಯೂ ಇದೇ. ಎರಡು ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ಸಾಮಾನ್ಯವಾಗಿ ಸಂಸ್ಥೆಯದು. ಅಗ್ಗವೆಂದು ಬೇರೆ ಬೇರೆಯಾಗಿ ಕೊಂಡರೆ ಆ ಹೊಣೆ ನಿಮ್ಮದೇ. ಸಾಮಾನು ತೆಗೆದುಕೊಂಡು ಹೊರಬಂದು, ಮತ್ತೆ ಚೆಕ್-ಇನ್, ಮತ್ತೆ ತಪಾಸಣೆ. ಮುಂದಿನ ವಿಮಾನ ಇನ್ನೊಂದು ಟರ್ಮಿನಲ್ಲಿನಲ್ಲಿದ್ದರೆ ಆ ಓಡಾಟ ಬೇರೆ. ದೇಶದೊಳಗಿನ ವಿಮಾನಗಳ ಗೇಟು ಹೊರಡುವುದಕ್ಕೆ ಸುಮಾರು 25 ನಿಮಿಷ ಮೊದಲೇ ಮುಚ್ಚಿರುತ್ತದೆ. ಇನ್ನೊಂದು ಟಿಕೆಟ್ ಕೊಳ್ಳಲು ಕಷ್ಟಪಡುವವರೇ ಹೆಚ್ಚಾಗಿ ಈ ಅಪಾಯವನ್ನು ತಲೆ ಮೇಲೆ ಹೊರುವವರು.

ಹಾಗಾದರೆ ದಾರಿ ಕೇಳಿದವರೆಲ್ಲ ಅಸಹಾಯಕರೆ? ಅಲ್ಲ. ಉಳಿದವರು ಹೇಗೂ ಸರಿಯುತ್ತಾರೆಂದು ನಂಬಿ ಕೊನೆಯ ಗಳಿಗೆಯಲ್ಲಿ ಬರುವವರೂ ಇದ್ದಾರೆ. ನಡುದಾರಿಯಲ್ಲಿ ನಿಂತು ಇವರನ್ನು ಅವರಿಂದ ಬೇರ್ಪಡಿಸಿ ನೋಡಲಾಗದು. ಅಂಥಲ್ಲಿ ಕೇಳಬೇಕಾದದ್ದು, ನಮ್ಮ ಎಣಿಕೆ ತಪ್ಪಿದರೆ ಯಾರಿಗೆ ಎಷ್ಟು ನಷ್ಟ ಎಂದು. ಬೇಜವಾಬ್ದಾರಿಯವರಿಗೆ ದಾರಿ ಬಿಟ್ಟರೆ ನನಗೆ ಹೋಗುವುದು ಅರ್ಧ ನಿಮಿಷ. ಅಸಹಾಯಕರನ್ನು ತಡೆದರೆ ಅವರಿಗೆ ಹೋಗುವುದು ಒಂದು ಸಂದರ್ಶನ, ಒಂದು ಮದುವೆ, ಕೆಲವೊಮ್ಮೆ ಒಂದು ಅಂತ್ಯಸಂಸ್ಕಾರ. ಆದ್ದರಿಂದ ಸರಿಯುವುದು ಕರ್ತವ್ಯವೇ ಎಂದು ನನ್ನ ಅನಿಸಿಕೆ. ಒಂದೇ ಷರತ್ತು: ಅವರು ಕೇಳಬೇಕು, ನುಗ್ಗಬಾರದು. ಕೇಳಿದಾಗ "ನನಗೂ ಅದೇ ವಿಮಾನ" ಎನ್ನಲು ಇನ್ನೊಬ್ಬರಿಗೆ ಜಾಗವಿರುತ್ತದೆ. ನುಗ್ಗಿದಾಗ ಇರುವುದಿಲ್ಲ.

ಆದರೆ ಈ ಕರ್ತವ್ಯವನ್ನು ಬೇರೆ ಯಾರೋ ತಮ್ಮ ಲಾಭಕ್ಕೆ ಬಳಸಿಕೊಳ್ಳಲೂ ಬಹುದು. ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಲು ಕನಿಷ್ಠ ಎಷ್ಟು ಹೊತ್ತು ಬೇಕು ಎಂಬುದನ್ನು ವಿಮಾನಯಾನ ಉದ್ಯಮ ಮೊದಲೇ ಗೊತ್ತುಮಾಡಿರುತ್ತದೆ. ಆ ಕನಿಷ್ಠವನ್ನೇ ಸಾಕು ಎಂದು ಮಾರಿದಾಗ, ನಾವು ಬಿಡುವ ದಾರಿಯೂ ಸದ್ದಿಲ್ಲದೆ ವೇಳಾಪಟ್ಟಿಯ ಭಾಗವಾಗುತ್ತದೆ. ತಡಮಾಡಿದವರು ಯಾರೋ, ಒಬ್ಬರ ಮೇಲೊಬ್ಬರು ಸಿಡುಕುವವರು ಪ್ರಯಾಣಿಕರು.

ಬೆಂಗಳೂರಿನ ಪೂರ್ವಭಾಗದಲ್ಲಿ ಇದರ ಒಂದು ಮಾದರಿಯನ್ನು ನಾವು ಕಂಡಿದ್ದೇವೆ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಶುರುವಾಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಸುಮಾರು ಎರಡು ಕಿಲೋಮೀಟರ್ ಹಳಿ ಸಿದ್ಧವಿರಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಜನ ಒಂದು ಮೆಟ್ರೊ ಇಳಿದು, ಬಸ್ಸು ಹಿಡಿದು, ಇನ್ನೊಂದು ಮೆಟ್ರೊ ಹತ್ತಬೇಕಿತ್ತು. ಆ ಬಸ್ಸಿನ ಬಾಗಿಲಲ್ಲಿ ಯಾರು ಯಾರಿಗೆ ಎಷ್ಟು ದಾರಿ ಬಿಟ್ಟರೂ ಆ ಎರಡು ಕಿಲೋಮೀಟರ್ ಹಾಗೇ ಇತ್ತು. ಅದು ಮುಚ್ಚಿದ್ದು ಅಕ್ಟೋಬರ್ 9ರಂದು, ಹಳಿ ಕೂಡಿದಾಗ.