ಚಿಪ್ಪಗಿರಿಯ ಕಟ್ಟೆ ಯಾರದು?

ಚಿಪ್ಪಗಿರಿಗೆ ಯಾತ್ರಿಕರು ಬರುವುದು ವಿಜಯದಾಸರ ಕಟ್ಟೆಯ ದರ್ಶನಕ್ಕೆಂದು. ಚೀಕಲಪರವಿಯಲ್ಲಿ ಜನಿಸಿದ ಆ ಹರಿದಾಸರು 1755ರಲ್ಲಿ ಇಲ್ಲಿಯೇ ದೇಹವಿಟ್ಟರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆಲೂರು ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಗಡಿ ಸರಿದರೂ ಕಟ್ಟೆ ಇದ್ದಲ್ಲಿಯೇ ಇದೆ. ಹಾಗಾದರೆ ಈ ಕ್ಷೇತ್ರವು ಯಾರದೆಂದು ನಾವು ಹೇಳಬೇಕು? ಕನ್ನಡಿಗರದು ಮಾತ್ರವೆಂದರೆ, ಕನ್ನಡವರಿಯದ ಭಕ್ತನು ಮುಗಿದ ಕೈ ಸುಳ್ಳಾದೀತೆ? ಆಗದು; ಭಕ್ತಿಗೆ ಭಾಷೆಯ ಹಂಗಿಲ್ಲ. ಆದರೆ ದಾಸರು ಸುಳಾದಿಗಳನ್ನೂ ಬಿಟ್ಟುಹೋಗಿದ್ದಾರೆ. ಕಟ್ಟೆಯನ್ನು ಯಾರಾದರೂ ಕಾಯಬಲ್ಲರು. ಸುಳಾದಿಯ ಅರ್ಥವನ್ನು ಕಾಯಲು ಕನ್ನಡ ಬಲ್ಲವರೇ ಬೇಕು. ಆದುದರಿಂದ ‘ನಮ್ಮದು’ ಎಂಬ ಮಾತಿನಲ್ಲಿ ನಾವು ಹಕ್ಕಿಗಿಂತ ಮೊದಲು ಹೊಣೆಯನ್ನು ಕಾಣಬೇಕು. ಗಡಿನಾಡಿನ ಶಾಲೆಯಲ್ಲಿ ಮಗುವೊಂದು ಕನ್ನಡ ಓದಲು ಕಲಿತರೆ, ಆ ಹೊಣೆಗೆ ಇನ್ನೊಂದು ಹೆಗಲು ದೊರೆತಂತೆ.