ಅತಿಥಿ ಎಷ್ಟು ಸುಮ್ಮನಿರಬೇಕು?

ದಸರಾ ರಜೆಯ ಒಂದು ಭಾನುವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಚಿತ್ರದುರ್ಗದ ಮನೆಯಿಂದ ಹೊರಟೆವು. ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಐದು. ಕೋಟೆ ಅವರಿಗೆ ಹಳೆಯದಾಗಿತ್ತು. ಓಬವ್ವನ ಕಿಂಡಿಯನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ಬೆಳಿಗ್ಗೆ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ, ಮಧ್ಯಾಹ್ನ ಹೊಸದುರ್ಗದ ದಾರಿಯಲ್ಲಿರುವ ಒಂದು ಗೊಲ್ಲರಹಟ್ಟಿ ಎಂದು ನಿಶ್ಚಯವಾಯಿತು. ಆ ಹಟ್ಟಿಯವರೊಬ್ಬರು ನಮ್ಮ ಮನೆಯವರ ಜೊತೆ ಕೆಲಸ ಮಾಡುತ್ತಾರೆ. "ಮಕ್ಳನ್ನ ಕರ್ಕೊಂಡು ಬರ್ರಿ, ಮುದ್ದೆ ಉಂಡು ಹೋಗ್ರಿ" ಎಂದು ವರ್ಷದಿಂದ ಕರೆಯುತ್ತಿದ್ದರು.

ಹಟ್ಟಿಯ ಬಾಯಲ್ಲೇ ಒಬ್ಬ ಅಜ್ಜಿ ನಮ್ಮನ್ನು ತಡೆದು, "ಚಪ್ಲಿ ಅಲ್ಲೇ ಬಿಡ್ರವ್ವ" ಎಂದರು. ಒಳಗೆ ಕಾಡುಗೊಲ್ಲರ ದೇವರ ಗುಡಿಯಿದೆ. ಅವರಿಗೆ ಹಟ್ಟಿಯೆಲ್ಲವೂ ಗುಡಿಯ ಅಂಗಳವೇ. ಒಂದು ಕಾಲದಲ್ಲಿ ಸುತ್ತಲೂ ಮುಳ್ಳಿನ ಬೇಲಿ, ಒಳಗೆ ಗುಡಿಸಲುಗಳು ಇದ್ದವಂತೆ. ಈಗ ಸಿಮೆಂಟಿನ ಮನೆಗಳಿವೆ, ಬೇಲಿ ಅಲ್ಲಲ್ಲಿ ಉಳಿದಿದೆ. ಮಗ ಬರಿಗಾಲಲ್ಲಿ ಕುರಿರೊಪ್ಪದ ಕಡೆ ಓಡಿದ. ಮಗಳು ಸುತ್ತ ನೋಡಿ, "ಇಲ್ಲಿ ಕೋಳಿನೇ ಇಲ್ವಲ್ಲ?" ಎಂದಳು. ಹಟ್ಟಿಯೊಳಗೆ ಕೋಳಿ ಸಾಕುವುದಿಲ್ಲ, ಅದು ಹಿಂದಿನಿಂದ ಬಂದ ಕಟ್ಟಳೆ ಎಂದು ಅಜ್ಜಿ ಹೇಳಿದರು. ಅವಳು ಹೂಂ ಅಂದಳು, ಅಷ್ಟೇ. ಮಕ್ಕಳಿಗೆ ಬೇರೆಯವರ ಕಟ್ಟಳೆ ಒಪ್ಪಿಕೊಳ್ಳುವುದು ನಮಗಿಂತ ಸುಲಭ.

ಊಟವಾದ ಮೇಲೆ ಅಜ್ಜಿ ಜುಂಜಪ್ಪನ ಕಥೆ ಹೇಳಿದರು, ನಡುನಡುವೆ ಹಾಡಿದರು. ಜುಂಜಪ್ಪನ ಪದಕ್ಕೆ ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಊದುತ್ತಾರೆ. ಅದನ್ನು ಊದುವವರು ಆ ಹೊತ್ತು ಹಟ್ಟಿಯಲ್ಲಿರಲಿಲ್ಲ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡದ್ದು, ಕೃಷ್ಣಮೂರ್ತಿ ಹನೂರರು ಅವನ್ನು ಬರೆದಿಟ್ಟದ್ದು ನೆನಪಾಯಿತು. ಇಷ್ಟು ದೊಡ್ಡ ಸಂಪತ್ತನ್ನು ನನ್ನ ಮಕ್ಕಳು ನೆಲದ ಮೇಲೆ ಕೂತು ಕೇಳುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅಷ್ಟರಲ್ಲಿ ಮಗಳು ಒಂದು ಕುರಿಮರಿಯನ್ನು ಎತ್ತಿಕೊಂಡು ಬೇಲಿಯ ಆಚೆ ಹೊರಟಿದ್ದಳು. ಅಲ್ಲೊಂದು ಒಂಟಿ ಕೋಣೆ. ಅದರ ಮುಂದೆ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿ ತೊಡೆಯ ಮೇಲೆ ಶಾಲೆಯ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಮರಿಯನ್ನು ಅವಳಿಗೆ ತೋರಿಸಬೇಕೆಂದು ಇವಳ ಆಸೆ. "ಅತ್ತ ಹೋಗ್ಬ್ಯಾಡ ಮಗ, ಆ ಅಕ್ಕ ಹೊರಗಾಗ್ಯಾಳೆ" ಎಂದು ಯಾರೋ ಕೂಗಿದರು. ಮಗಳು ನಿಂತಳು. ನನ್ನ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ, "ಅಮ್ಮ, ಆ ಅಕ್ಕ ಏನು ತಪ್ಪು ಮಾಡಿದ್ಳು?" ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. "ಸುಮ್ನಿರು, ಆಮೇಲೆ ಹೇಳ್ತೀನಿ" ಎಂದೆ.

ಆ 'ಆಮೇಲೆ' ನನ್ನನ್ನು ಬಹಳ ದಿನ ಕಾಡಿತು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳುತ್ತಾ ಬೆಳೆದವಳು ನಾನು. ಅದು ಬರೀ ಹಳೆಯ ಕಾಲದ ಮಾತೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕಿರುವ ಗೆಳತಿಯೊಬ್ಬಳು ಮಕ್ಕಳಿಗೆ ಬಾಡಿಗೆಯ ಹನ್‌ಬೊಕ್ ತೊಡಿಸಿ ಸೋಲ್ ನಗರದ ಬುಕ್ಚೋನ್ ಎಂಬ ಹಳೆಯ ಕೇರಿಗೆ ಹೋಗಿ ಬಂದಿದ್ದಳು. ಹೆಂಚಿನ ಮಾಡಿನ ಆ ಮನೆಗಳಲ್ಲಿ ಇಂದಿಗೂ ಜನ ವಾಸವಿದ್ದಾರೆ. ನೋಡಲು ಬರುವವರ ಗದ್ದಲ ತಾಳಲಾರದೆ ಅವರು ದೂರು ಕೊಟ್ಟ ಮೇಲೆ, ಕೆಲವು ಬೀದಿಗಳಿಗೆ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಬರಬೇಕೆಂದು 2024ರಲ್ಲಿ ಅಲ್ಲಿನ ಆಡಳಿತ ನಿಯಮ ಮಾಡಿತು. "ಇಡೀ ದಿನ ಮಕ್ಕಳಿಗೆ ಶ್ ಶ್ ಅನ್ನೋದೇ ನನ್ನ ಕೆಲಸ ಆಗಿತ್ತು" ಎಂದು ಅವಳು ನಕ್ಕಳು. ಇನ್ನೊಬ್ಬರ ಬದುಕು ನಮ್ಮ ರಜೆಯ ನೋಟವಾಗಬಾರದು ಎನ್ನುವುದು ಸರಿಯಾದ ಮಾತು. ಹಾಗಾದರೆ ನಾನು ಹಟ್ಟಿಯಲ್ಲಿ ಮಗಳ ಬಾಯಿ ಮುಚ್ಚಿಸಿದ್ದೂ ಸರಿಯೇ?

ಸರಿ ಎನ್ನಲು ಕಾರಣಗಳಿವೆ. ಹಟ್ಟಿಯವರನ್ನು ಊರಿನವರು ಕೀಳಾಗಿ ಕಂಡದ್ದೇ ಹೆಚ್ಚು. ನಾನೂ ಒಂದು ಮಾತು ಎಸೆದು ಕಾರು ಹತ್ತಿದರೆ ಆ ಹುಡುಗಿಗೆ ಏನು ಸಿಕ್ಕೀತು? ಎಲ್ಲ ಹಟ್ಟಿಗಳೂ ಒಂದೇ ಥರ ಇಲ್ಲ, ಪದ್ಧತಿ ಬಿಟ್ಟವರೂ ಇದ್ದಾರೆ. ಬದಲಾವಣೆ ಒಳಗಿನಿಂದಲೇ ಬರಬೇಕು ಎನ್ನುತ್ತಾರೆ. ನಮ್ಮ ಮನೆಯವರೂ ಅದನ್ನೇ ಹೇಳಿದರು. ಬೆಳಿಗ್ಗೆ ನೋಡಿದ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೆಲವಕ್ಕೆ ಕಾಯಬೇಕು ಎಂದರು. ಮಳೆಗೆ ಕಾಯೋಣ. ಆದರೆ ಹೊರಗೆ ಕೂತ ಹುಡುಗಿಗೆ ಹದಿಮೂರನೆಯ ವರ್ಷ ಬರುವುದು ಒಂದೇ ಸಲ.

2023ರ ಜುಲೈನಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಬಾಣಂತಿಯ ಜೊತೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಅಷ್ಟರಲ್ಲಿ ಕಾನೂನು ಬಂದಾಗಿತ್ತು. ಮೌಢ್ಯ ನಿಷೇಧ ಕಾಯ್ದೆ ಎಂದು ನಾವು ಕರೆಯುವ, 2020ರ ಜನವರಿಯಲ್ಲಿ ಜಾರಿಯಾದ 2017ರ ಕಾಯ್ದೆಯಲ್ಲಿ ಮುಟ್ಟಾದವರನ್ನೂ ಬಸುರಿಯರನ್ನೂ ಬಲವಂತವಾಗಿ ಹೊರಗಿಡುವುದು ಅಪರಾಧ. ಇನ್ನೊಂದು ಕಡೆ, ಹೊರಗಿರುವ ಹೆಂಗಸರು ಮಳೆ ಚಳಿಯಲ್ಲಿ ಕಷ್ಟಪಡಬಾರದೆಂದು ಸರ್ಕಾರವೇ ಕೃಷ್ಣ ಕುಟೀರಗಳನ್ನು ಕಟ್ಟಿಸಿದೆ. ಮಾಡು ಗಟ್ಟಿಯಾದರೆ ಜೀವ ಉಳಿಯುತ್ತದೆ, ನಿಜ. ಆದರೆ ಹೊರಗಿಡುವುದಕ್ಕೂ ಅಷ್ಟೇ ಗಟ್ಟಿಯಾದ ಗೋಡೆ ಸಿಕ್ಕಂತಾಗುತ್ತದೆ. ದಯೆ ಮತ್ತು ನ್ಯಾಯ ಯಾವಾಗಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಮಗಳಿಗೆ ಕೊಟ್ಟ ಮಾತಿನಂತೆ ಒಂದು ರಾತ್ರಿ ಎಲ್ಲವನ್ನೂ ವಿವರಿಸಿದೆ. ಅದು ದೇಹದ ಸಹಜ ಕೆಲಸ, ಅದರಲ್ಲಿ ತಪ್ಪೇನೂ ಇಲ್ಲ, ಅವರ ನಂಬಿಕೆ ಹಾಗಿದೆ ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಹೊಳಲ್ಕೆರೆ ಅಜ್ಜಿ ಮನೇಲಿ ಹಬ್ಬದ ದಿನ ನೀನೂ ಹಾಗೇ ಕೂತಿದ್ಯಲ್ಲ ಅಮ್ಮ? ನಿಂಗೆ ತಟ್ಟೆ ಬೇರೆ ಇಟ್ಟಿದ್ರು" ಎಂದಳು.

ನನಗೆ ಮಾತೇ ಹೊರಡಲಿಲ್ಲ. 'ಹೊರಗಾಗುವುದು' ಎನ್ನುವ ಮಾತು ಹಟ್ಟಿಯದಲ್ಲ, ನಮ್ಮೆಲ್ಲರ ಮನೆಯದು. ಅವರ ಹೊರಗು ಬೇಲಿಯಾಚೆ ಇದೆ, ಕಣ್ಣಿಗೆ ಕಾಣುತ್ತದೆ. ನಮ್ಮದು ನಡುಮನೆಯ ಮೂಲೆಯಲ್ಲಿದೆ, ಕಾಣುವುದಿಲ್ಲ. ಹಟ್ಟಿಯಲ್ಲಿ ನಾನು ಸುಮ್ಮನಿದ್ದದ್ದು ಬರೀ ಗೌರವದಿಂದಲ್ಲ. ನನ್ನ ಮನೆಯಲ್ಲೂ ಸುಮ್ಮನಿದ್ದು ಅಭ್ಯಾಸವಾಗಿತ್ತು.

ಈಗ ನನಗೆ ಹೀಗೆ ಅನ್ನಿಸುತ್ತದೆ. ಚಪ್ಪಲಿ ಬಿಡು ಎಂದರೆ ಬಿಡಬೇಕು, ಕೋಳಿ ಇಲ್ಲವೆಂದರೆ ಹೂಂ ಎನ್ನಬೇಕು. ಅಲ್ಲಿ ಅತಿಥಿ ಸುಮ್ಮನಿರುವುದೇ ಮರ್ಯಾದೆ. ಆದರೆ ಒಂದು ಕಟ್ಟಳೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ, ಬೇಡ ಎನ್ನುವ ಶಕ್ತಿ ಅವರಿಗಿದೆಯೇ ಎಂದು ನೋಡಬೇಕು. ಬೆಲೆ ತೆರುವವಳು ಬಾಯಿ ಇಲ್ಲದ ಹುಡುಗಿಯಾದರೆ ಅತಿಥಿಯ ಮೌನ ಆತಿಥೇಯನಿಗೆ ಕೊಟ್ಟ ಗೌರವವಲ್ಲ, ಅವಳಿಂದ ಕಿತ್ತುಕೊಂಡದ್ದು. ಇನ್ನು ಮಾತಾಡುವ ಹಕ್ಕು ಸಿಗುವುದು ಮೊದಲು ನಮ್ಮ ಮನೆಯಲ್ಲಿ ಮಾತಾಡಿದರೆ.

ದೀಪಾವಳಿಗೆ ಹೊಳಲ್ಕೆರೆಗೆ ಹೋದಾಗ ಅತ್ತೆಗೆ ಹೇಳಿದೆ: "ಅತ್ತೆ, ಇನ್ಮೇಲೆ ನಾನು ಬೇರೆ ತಟ್ಟೇಲಿ ಉಣ್ಣಲ್ಲ. ಮಗಳು ನೋಡ್ತಿದಾಳೆ." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೆ ಹೇಳೋಕೆ ಯಾರೂ ಇರ್ಲಿಲ್ಲ" ಎಂದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ದೇವರ ಕೋಣೆಯ ಮಾತು ಇನ್ನೂ ಬಾಕಿಯಿದೆ.

ಅದಾದ ಮೇಲೆಯೇ ಹಟ್ಟಿಯ ಆ ಅಣ್ಣ ಮನೆಗೆ ಬಂದಾಗ, ನಮ್ಮ ಮನೆಯ ಕಥೆಯನ್ನೇ ಮೊದಲು ಹೇಳಿ, ಆ ಹುಡುಗಿಯ ಬಗ್ಗೆ ಕೇಳಿದೆ. ಅವರು ತಲೆ ತಗ್ಗಿಸಿ, "ನನ್ನ ತಂಗಿ ಮಗಳು ಮೇಡಂ. ಪರೀಕ್ಷೆ ಟೈಮಲ್ಲಿ ನಮ್ಮ ದುರ್ಗದ ಮನೇಲೇ ಇಟ್ಕೋತೀವಿ. ಹಟ್ಟೀಲಿ ನಮ್ಮವ್ವಂಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ" ಎಂದರು. ಚಹಾ ತಣ್ಣಗಾಗುವವರೆಗೂ ಇಬ್ಬರೂ ನಮ್ಮ ನಮ್ಮ ಮನೆಯ ಹಿರಿಯರ ಬಗ್ಗೆಯೇ ಮಾತಾಡಿದೆವು.

ಬೇಸಿಗೆಗೆ ಮತ್ತೆ ಹಟ್ಟಿಗೆ ಹೋಗಬೇಕೆಂದು ಮಕ್ಕಳ ಹಟ. ಮಗನಿಗೆ ಕುರಿಮರಿ ಬೇಕು. ಮಗಳು ಈ ಸಲ ಆ ಅಕ್ಕನ ಹೆಸರು ಕೇಳಿಕೊಂಡು ಬರುತ್ತಾಳಂತೆ. ಕೇಳು ಎಂದಿದ್ದೇನೆ.